ಉಪ್ಪುನೀರಿಗೆ ಒಗ್ಗುವ ಗಿಡಗಳು

ಹುಣಸೂರು
4-11-2024

ಅತ್ತಿಗೆಯವರಿಗೆ ವಿರೂಪಾಕ್ಷನ ನಮಸ್ಕಾರಗಳು.

ನಿಮ್ಮ ಫೋನಿಗೆ ನಾಲ್ಕು ಸಲ ಮಾಡಿದೆ. ಒಂದು ಸಲ ರಿಂಗಾಗಿ ನಿಂತುಹೋಗುತ್ತದೆ. ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ ಎಂದು ಕಾಣುತ್ತದೆ. ಅದಕ್ಕೇ ಈ ಕಾಗದ.

ಅಣ್ಣ ಹೋಗಿ ಮೂರು ವರ್ಷ ಆಗುತ್ತಾ ಬಂತು. ನೀವು ತವರಿಗೆ ಹೋದ ಮೇಲೆ ಹಿತ್ತಿಲಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿಸಿ ಅಕ್ವೇರಿಯಂ ಗಿಡ ಬೆಳೆಯುತ್ತಿದ್ದೀರಿ, ಮೈಸೂರಿನ ಅಂಗಡಿಗಳಿಗೂ ಕಳಿಸುತ್ತೀರಿ ಎಂದು ಕೇಳಿದೆ. ಸಂತೋಷ.

ಅಣ್ಣ ಕಣ್ಣೂರು ಹಿನ್ನೀರಿನಿಂದ ಹಾಲಿನ ಕ್ಯಾನಿನಲ್ಲಿ ತಂದ ಆರ್ಚರ್ ಮೀನುಗಳು ಐದೂ ಇನ್ನೂ ನಡುಮನೆಯ ತೊಟ್ಟಿಯಲ್ಲಿ ಇವೆ. ಗಾಜಿನ ಮೇಲೆ ಹುಳ ಕೂತರೆ ಈಗಲೂ ಬಾಯಿಂದ ನೀರು ಚಿಮ್ಮಿಸಿ ಬೀಳಿಸುತ್ತವೆ. ಅವ್ವ ಸಂಜೆ ಹೊತ್ತು ಅವುಗಳ ಮುಂದೆಯೇ ಕೂತಿರುತ್ತಾಳೆ. "ಗಿಡ ಇಲ್ದೆ ತೊಟ್ಟಿ ಬೋಳ್ಬೋಳಾಗದೆ ಕಣ್ಲಾ, ನಿಮ್ಮಣ್ಣ ಇದ್ದಾಗ ಇಂಗಿರ್ನಿಲ್ಲ" ಎನ್ನುತ್ತಾಳೆ. ನಾಲ್ಕು ಸಲ ಗಿಡ ತಂದು ನೆಟ್ಟೆ. ವಾರದೊಳಗೆ ಕರಗಿ ಗೊಜ್ಜಾಗುತ್ತವೆ. ನೀರಿಗೆ ಉಪ್ಪು ಇರಲೇಬೇಕು, ಉಪ್ಪಿದ್ದರೆ ಗಿಡ ನಿಲ್ಲುವುದಿಲ್ಲ. ಹುಣಸೂರಿನಲ್ಲಿ ಇದನ್ನು ತಿಳಿದವರು ಯಾರೂ ಇಲ್ಲ. ತಿಳಿದಿದ್ದವರು ನೀವಿಬ್ಬರೇ.

ಅವ್ವನ ಮುಖ ನೋಡಿ ಯಾವ ಗಿಡ ಹಾಕಬೇಕು ಎಂದು ಬರೆಯಿರಿ.

ನಿಮ್ಮ ಮೈದುನ
ವಿರೂಪಾಕ್ಷ

ಹೊಸ ಅಗ್ರಹಾರ
9-11-2024

ವಿರೂಪಾಕ್ಷನಿಗೆ,

ಕಾಗದ ತಲುಪಿತು.

ಫೋನು ನನಗೆ ಬೇಡ. ಏನಿದ್ದರೂ ಹಾಳೆಯ ಮೇಲೆ ಬರೆ, ತಾರೀಖು ಹಾಕು, ಕೆಳಗೆ ಸಹಿ ಮಾಡು. ನಿನ್ನ ಬಾಯಿಮಾತಿನ ರುಚಿ ನನಗೆ ಗೊತ್ತಿದೆ. ಪೊಲೀಸರ ಮುಂದೆ ನೀನು ನಿಮ್ಮಣ್ಣನ ಸಾವು ಆಕಸ್ಮಿಕ ಎಂದೆ. ಹನ್ನೊಂದನೆಯ ದಿನ ಚಪ್ಪರದಲ್ಲಿ ನೆಂಟರೆಲ್ಲ ಕೂತಿದ್ದಾಗ, "ಅಣ್ಣ ತೊಟ್ಟೀಲಿ ಕೈ ಇಟ್ಟಿದ್ದಾಗ ಅತ್ತಿಗೇನೇ ಹೀಟರ್ ಸ್ವಿಚ್ ಹಾಕ್ಬುಟ್ರು" ಎಂದೆ. ನಿಮ್ಮವ್ವ ನನ್ನ ಕೈ ಹಿಡಿದು ಎಲ್ಲರಿಗೂ ತೋರಿಸಿ, "ಇದೇ ಕೈ ನನ್ ಮಗನ್ನ ತಿಂದಿದ್ದು" ಎಂದಳು. ಅವತ್ತು ಸಂಜೆಯ ಬಸ್ಸಿಗೆ ನಾನು ಒಂದು ಬಕೆಟ್ ಗಿಡ ಹಿಡಿದುಕೊಂಡು ಹತ್ತಿದೆ. ಬೇರೆ ಏನೂ ತರಲಿಲ್ಲ.

ಈಗ ಗಿಡದ ವಿಷಯ. ಯಾವ ಯಾವ ಗಿಡ ತಂದು ನೆಟ್ಟೆ? ನೀರಿನ ಉಪ್ಪು ಹೈಡ್ರೋಮೀಟರಿನಲ್ಲಿ ಎಷ್ಟು ತೋರಿಸುತ್ತದೆ? ಉಪ್ಪು ಯಾವುದು, ಅಂಗಡಿಯ ಅಡುಗೆ ಉಪ್ಪೋ, ಮೀನಿನ ತೊಟ್ಟಿಗೆಂದೇ ಮಾರುವ ಸಮುದ್ರದ ಉಪ್ಪೋ? ಬೆಳಕು ಎಷ್ಟು ಗಂಟೆ? ಇದನ್ನೆಲ್ಲ ತಿಳಿಯದೆ ಗಿಡದ ಹೆಸರು ಹೇಳುವುದಿಲ್ಲ.

ನೀಲಾಂಬಿಕೆ

ಹುಣಸೂರು
15-11-2024

ಅತ್ತಿಗೆಯವರಿಗೆ ನಮಸ್ಕಾರಗಳು.

ನೀವು ಉತ್ತರ ಬರೆಯುವುದೇ ಇಲ್ಲ ಎಂದುಕೊಂಡಿದ್ದೆ. ವಾಣಿಶ್ರೀಗೆ ಓದಿ ಹೇಳಿದೆ. "ಅಕ್ಕನಿಗೆ ಕೋಪ ಇಳಿದದೆ ಕಣ್ರೀ, ಇಲ್ಲದಿದ್ರೆ ಇಷ್ಟುದ್ದ ಬರೀತಿದ್ರಾ" ಎಂದಳು. ನನಗೂ ಹಾಗೇ ಅನಿಸಿತು. ಹಳೆಯದನ್ನು ಕೆದಕಿ ಫಲವಿಲ್ಲ. ದುಃಖದಲ್ಲಿ ಮನುಷ್ಯ ಏನೇನೋ ಆಡುತ್ತಾನೆ.

ತಂದ ಗಿಡಗಳು: ಕಬಾಂಬ, ಅಮೆಜಾನ್ ಸ್ವೋರ್ಡ್, ಮತ್ತೆ ಕೆಂಪೆಲೆಯದೊಂದು. ಹೈಡ್ರೋಮೀಟರ್ 1.005 ತೋರಿಸುತ್ತದೆ. ಸಮುದ್ರದ ಉಪ್ಪನ್ನೇ ಹಾಕುತ್ತಿದ್ದೇನೆ. ಎಂಟಡಿ ತೊಟ್ಟಿಗೆ ಎಷ್ಟು ಗಿಡ ಬೇಕಾಗಬಹುದು, ಅದನ್ನೂ ತಿಳಿಸಿ. ಮುಂದಿನಿಂದ ನೋಡಿದರೆ ಕಾಡಿನ ನಡುವೆ ನೀರು ನಿಂತ ಹಾಗೆ ಕಾಣಬೇಕು.

ವಿರೂಪಾಕ್ಷ

ಹೊಸ ಅಗ್ರಹಾರ
20-11-2024

ವಿರೂಪಾಕ್ಷನಿಗೆ,

ನಡುಮನೆಯ ತೊಟ್ಟಿ ನಾಲ್ಕಡಿಯದು. ಒಂಬತ್ತು ವರ್ಷ ಅದನ್ನು ತೊಳೆದವಳು ನಾನು. ಎಂಟಡಿ ತೊಟ್ಟಿ ಯಾವುದು, ಎಲ್ಲಿಯದು? ಅವ್ವನ ಹೆಸರು ಹೇಳಿ ಯಾರಿಗೆ ಗಿಡ ಕೇಳುತ್ತಿದ್ದೀಯ?

ನೀನು ನೆಟ್ಟ ಮೂರೂ ಸಿಹಿನೀರಿನ ಗಿಡಗಳು. ಉಪ್ಪು ತಾಗಿದರೆ ಅವು ಕರಗಲೇಬೇಕು. ಈ ಬಸ್ಸಿನಲ್ಲಿ ಹನ್ನೆರಡು ಬುಡ ಜಾವಾ ಫರ್ನ್ ಕಳಿಸಿದ್ದೇನೆ. ಇವು ಸಿಹಿನೀರಿನಲ್ಲಿ ಬೆಳೆದವು, ಆದರೆ ಉಪ್ಪಿಗೆ ಒಗ್ಗುವ ಜಾತಿ. ಬುಡವನ್ನು ಮರಳಲ್ಲಿ ಹೂಳಬೇಡ, ಕೊಳೆಯುತ್ತದೆ. ಮರದ ತುಂಡಿಗೆ ದಾರದಿಂದ ಕಟ್ಟು. ಮೊದಲು ಬೇರೊಂದು ಬಕೆಟ್‌ನಲ್ಲಿ ಸಿಹಿನೀರಿನಲ್ಲೇ ಇಟ್ಟು, ವಾರಕ್ಕೆ ಹೈಡ್ರೋಮೀಟರಿನ ಒಂದು ಗೀಟಿನಷ್ಟೇ ಉಪ್ಪು ಏರಿಸು. ಹಳೆಯ ಎಲೆ ಕೆಲವು ಕಂದಾಗುತ್ತವೆ. ಹೆದರಿ ಕಿತ್ತು ಎಸೆಯಬೇಡ, ಹೊಸ ಎಲೆ ಬರುವ ತನಕ ಕಾಯಿ. ಒಂದೂವರೆ ತಿಂಗಳು ಹಿಡಿಯುತ್ತದೆ.

ಗಿಡಕ್ಕೆ ಅವಸರ ಆಗದು.

ನೀಲಾಂಬಿಕೆ

ಹುಣಸೂರು
6-12-2024

ಅತ್ತಿಗೆ,

ನೀವು ಹೀಗೆ ಮಾಡುತ್ತೀರಿ ಎಂದು ಮೊದಲೇ ತಿಳಿಯಬೇಕಾಗಿತ್ತು. ಪಾರ್ಸೆಲ್ ಬಿಚ್ಚಿ ನೋಡಿದರೆ ಎಲೆಗಳ ಕೆಳಗೆಲ್ಲ ಕಪ್ಪು ಗಂಟು ಗಂಟು. ರೋಗದ ಗಿಡ ಕಳಿಸಿದ್ದೀರಿ. ಆ ಎಲೆಗಳನ್ನೆಲ್ಲ ಕತ್ತರಿಸಿ ಎಸೆದೆ. ಹೂಳಬೇಡ ಎಂದು ಬರೆದಿದ್ದಿರಿ. ಸಾಯಲಿ ಎಂದೇ ಹಾಗೆ ಹೇಳುತ್ತಿದ್ದಾರೆ ಅನಿಸಿ ಚೆನ್ನಾಗಿ ಹೂತು ನೆಟ್ಟೆ. ಒಂದೂವರೆ ತಿಂಗಳು ಕಾಯಿ ಎಂದದ್ದೂ ನನ್ನ ಕೆಲಸ ಕೆಡಿಸುವುದಕ್ಕೇ ಎಂದು ನೇರ ಉಪ್ಪುನೀರಿಗೇ ಇಳಿಸಿದೆ. ಎಲ್ಲ ಕೊಳೆತು ನೀರು ನಾರಿತು. ಎರಡು ಮೀನು ತೇಲಿದವು. ಅಣ್ಣನ ಮೀನು ಅತ್ತಿಗೆ! ನಿಮಗೆ ಹೇಗೆ ಮನಸ್ಸು ಬಂತು?

ಮುಚ್ಚಿಡುವುದೇನಿದೆ, ಹೇಳಿಬಿಡುತ್ತೇನೆ. ಎಚ್.ಡಿ. ಕೋಟೆ ಕಡೆ ಹಿನ್ನೀರಿನ ದಂಡೆಯಲ್ಲಿ ಹೊಸ ರೆಸಾರ್ಟ್ ಆಗುತ್ತಿದೆ. ಅದರ ಮುಂದಿನ ಹಾಲ್‌ಗೆ ಎಂಟಡಿ ತೊಟ್ಟಿ ನಾನು ಒಪ್ಪಿಕೊಂಡಿದ್ದೇನೆ. ಹುಳ ಹೊಡೆಯುವ ಮೀನು ಬೇಕು, ನಿಜವಾದ ಗಿಡ ಬೇಕು, ಪ್ಲಾಸ್ಟಿಕ್ ಕಂಡರೆ ವಾಪಸ್ ಎಂದಿದ್ದಾರೆ. ಜನವರಿ ಇಪ್ಪತ್ತಾರಕ್ಕೆ ಓಪನಿಂಗ್. ಅಣ್ಣ ಹೋದ ಮೇಲೆ ಮನೆಗೆ ಅಂಟಿದ ನಮ್ಮ ಅಕ್ವೇರಿಯಂ ಅಂಗಡಿಗೆ ಜನ ಬರುವುದೇ ನಿಂತುಹೋಗಿದೆ. ಇದೊಂದು ಕೈ ತಪ್ಪಿದರೆ ಬಾಗಿಲು ಹಾಕಬೇಕು. ಅದು ನಿಮಗೆ ಸಂತೋಷವಾದರೆ ಹಾಗೇ ಆಗಲಿ.

ವಿರೂಪಾಕ್ಷ

ಹೊಸ ಅಗ್ರಹಾರ
10-12-2024

ವಿರೂಪಾಕ್ಷನಿಗೆ,

ಎಲೆಯ ಕೆಳಗಿನ ಕಪ್ಪು ಗಂಟು ರೋಗವಲ್ಲ. ಜಾವಾ ಫರ್ನ್ ಮರಿ ಹಾಕುವುದೇ ಹಾಗೆ. ಒಂದೊಂದು ಗಂಟಿನಿಂದ ಒಂದೊಂದು ಗಿಡ ಬರುತ್ತಿತ್ತು. ಮರಿ ತುಂಬಿದ ಎಲೆಗಳನ್ನೇ ಆರಿಸಿ ಕಳಿಸಿದ್ದೆ. ನೀನು ಕತ್ತರಿಸಿ ಎಸೆದೆ.

ನಾನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಜಾಗದಲ್ಲಿ ನೀನಿದ್ದಿದ್ದರೆ ಏನು ಮಾಡುತ್ತಿದ್ದೆಯೋ ಅದನ್ನೇ ನಾನು ಮಾಡಿದ್ದೇನೆ ಎಂದು ನೀನು ಅಂದುಕೊಂಡೆ. ನಿಮ್ಮಣ್ಣನ ಎರಡು ಮೀನುಗಳನ್ನು ಕೊಂದದ್ದು ಆ ಯೋಚನೆ.

ಈಗ ಕೇಳು. ನನ್ನ ಹಿತ್ತಿಲಿನಲ್ಲಿ ಮೂರು ತೊಟ್ಟಿ ಗಿಡ ಎಂಟು ತಿಂಗಳಿಂದ ಉಪ್ಪುನೀರಿನಲ್ಲೇ ಬೆಳೆಯುತ್ತಿವೆ. ನಿನ್ನ ನೀರಿನಷ್ಟೇ ಉಪ್ಪು. ಎತ್ತಿ ನೆಟ್ಟರೆ ಮಾರನೆಯ ದಿನದಿಂದ ಬೇರು ಬಿಡುತ್ತವೆ. ಎಂಟಡಿ ತೊಟ್ಟಿ ತುಂಬುವಷ್ಟಿವೆ. ಇಂಥವು ಈ ನಾಲ್ಕು ತಾಲ್ಲೂಕಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ, ಇನ್ನು ನೀನು ಹದ ಮಾಡಿಕೊಳ್ಳಲು ದಿನಗಳೂ ಉಳಿದಿಲ್ಲ.

ನಿನ್ನ ದುಡ್ಡು ಬೇಡ. 2022ರ ಜನವರಿ ಹದಿನೆಂಟರ ಬೆಳಗ್ಗೆ ಅಂಗಡಿಯಲ್ಲಿ ಆದದ್ದನ್ನು ಆದ ಹಾಗೆ ಬರೆದು ಕಳಿಸು. ನಾನು ಓದಬೇಕು.

ನೀಲಾಂಬಿಕೆ

ಹುಣಸೂರು
17-12-2024

ಅತ್ತಿಗೆಯವರಿಗೆ,

ನಿಮ್ಮ ಮಾತಿಗೆ ಕಟ್ಟುಬಿದ್ದು ಬರೆಯುತ್ತಿದ್ದೇನೆ. ಆ ದಿನ ಚಳಿ ಬಹಳ ಇತ್ತು. ಮೀನು ಮಂಕಾಗಿದ್ದವು. ಅಣ್ಣ ತೊಟ್ಟಿಯಲ್ಲಿ ಕೈ ಇಟ್ಟು ಗಿಡ ಕಟ್ಟುತ್ತಿದ್ದ. ಹೀಟರಿನ ವೈರ್ ಹಳೆಯದಾಗಿತ್ತು, ಎಲ್ಲೋ ಸೀಳಿತ್ತು. ಉಪ್ಪುನೀರಿನಲ್ಲಿ ಕರೆಂಟ್ ಬೇಗ ಹರಿಯುತ್ತದೆ. ಯಾರು ಸ್ವಿಚ್ ಹಾಕಿದರು ಎಂದು ಈಗ ಖಚಿತವಾಗಿ ಹೇಳುವುದು ಯಾರಿಗೂ ಸಾಧ್ಯವಿಲ್ಲ. ನೀವೇ ಎಂದು ನಾನು ಆಗ ಹೇಳಿದ್ದು ತಪ್ಪು ಗ್ರಹಿಕೆ ಇರಬಹುದು. ಶಿವನ ಇಚ್ಛೆ ಹಾಗಿತ್ತು. ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ.

ಗಿಡ ಯಾವ ಬಸ್ಸಿಗೆ ಹಾಕುತ್ತೀರಿ ತಿಳಿಸಿ. ನಾನೇ ಬಂದು ಇಳಿಸಿಕೊಳ್ಳುತ್ತೇನೆ.

ವಿರೂಪಾಕ್ಷ

ಹೊಸ ಅಗ್ರಹಾರ
19-12-2024

ಇದಲ್ಲ.

ಟ್ರಿಪ್ಪರ್ ಯಾಕೆ ಬೀಳಲಿಲ್ಲ? ಆ ಅಂಗಡಿಯಲ್ಲಿ ನೀರಿನ ಹನಿ ತಾಗಿದರೂ ಟ್ರಿಪ್ಪರ್ ಬಿದ್ದು ಕರೆಂಟ್ ನಿಲ್ಲುತ್ತಿತ್ತು. ಇದೊಂದು ಪ್ರಶ್ನೆಯನ್ನು ಮೂರು ವರ್ಷದಿಂದ ಹಿಡಿದುಕೊಂಡು ಕೂತಿದ್ದೇನೆ.

ಇಪ್ಪತ್ತಾರನೆಯ ತಾರೀಖು ನಿನ್ನದು, ನನ್ನದಲ್ಲ.

ನೀಲಾಂಬಿಕೆ

ಹುಣಸೂರು
4-1-2025

ಅತ್ತಿಗೆ,

ಹದಿನೈದು ದಿನ ಬರೆದು ಹರಿದೆ. ರೆಸಾರ್ಟಿನವರು ನಿನ್ನೆ ಬಂದು ಬರೀ ನೀರಿನ ತೊಟ್ಟಿ ನೋಡಿ, ಹದಿನೈದರೊಳಗೆ ಗಿಡ ಕಾಣದಿದ್ದರೆ ಬೇರೆಯವರಿಗೆ ಹೇಳುತ್ತೇವೆ ಎಂದು ಹೋದರು. ಬರೆಯುತ್ತೇನೆ.

ಆ ಬೆಳಗ್ಗೆ ಹೀಟರ್ ಹಾಕಿದಾಗಲೆಲ್ಲ ಟ್ರಿಪ್ಪರ್ ಬೀಳುತ್ತಿತ್ತು. ಅಣ್ಣ ಹೀಟರಿನ ಪ್ಲಗ್ ಕಿತ್ತಿಟ್ಟು, "ಎಲೆಕ್ಟ್ರಿಷಿಯನ್ ಚಂದು ಬರ್ಲಿ, ಅಲ್ಲೀಗಂಟ ಮುಟ್ಬ್ಯಾಡ ಕಣ್ಲಾ" ಎಂದ. ಆಮೇಲೆ ಕಾಫಿ ಕುಡಿಯಲು ಒಳಗೆ ಹೋದ. ಚಂದು ಬರುವುದು ಮಧ್ಯಾಹ್ನವಾಗುತ್ತಿತ್ತು. ಮೀನು ಚಳಿಗೆ ಸಾಯುತ್ತವೆ ಎಂದು ನಾನು ಸ್ಟೂಲ್ ಹತ್ತಿ, ಟ್ರಿಪ್ಪರ್ ತಪ್ಪಿಸಿ ಮೇಲಿನಿಂದ ನೇರ ವೈರ್ ಎಳೆದು ಸ್ವಿಚ್ ಬೋರ್ಡಿಗೆ ಕೊಟ್ಟು, ಹೀಟರಿನ ಪ್ಲಗ್ ಮತ್ತೆ ಸಿಕ್ಕಿಸಿದೆ. ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ಬೈಯುತ್ತಿದ್ದ.

ಅವನು ಬಂದು ತೊಟ್ಟಿಗೆ ಕೈ ಹಾಕಿದ್ದನ್ನು ನಾನು ನೋಡಲಿಲ್ಲ. ಬೋರ್ಡಿನ ಕಡೆ ತಿರುಗಿದ್ದೆ. ಸ್ವಿಚ್ ಹಾಕಿದವನು ನಾನು. ಅವನು ಕೂಗಲಿಲ್ಲ. ತೊಟ್ಟಿಯ ಚೌಕಟ್ಟು ಅಲುಗಿದ ಸದ್ದಿಗೆ ತಿರುಗಿದೆ. ಸ್ವಿಚ್ ತೆಗೆದೆ. ಬಿದ್ದ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯುತ್ತೇನೆ. ನಾನು ಮೊದಲು ಅವನನ್ನು ಎತ್ತಲಿಲ್ಲ. ಸ್ಟೂಲ್ ಹತ್ತಿ ಆ ವೈರ್ ಕಿತ್ತು ಸುತ್ತಿ ಚೀಲಕ್ಕೆ ಹಾಕಿದೆ. ಅದಾದ ಮೇಲೆ ಕೂಗಿದೆ. ನೀವು ಹಿತ್ತಿಲಿನಿಂದ ಓಡಿ ಬಂದಿರಿ. ಕೈಯಲ್ಲಿ ತೊಳೆಯುತ್ತಿದ್ದ ಪಾಚಿ ಹಾಗೇ ಇತ್ತು. ಅವ್ವ ಬಂದು, "ಸ್ವಿಚ್ ಆಕಿದ್ದು ಯಾರ್ಲಾ?" ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು. ಬಾಯಿಗೆ ನಿಮ್ಮ ಹೆಸರು ಬಂತು. ಒಮ್ಮೆ ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ಇದನ್ನು ಯಾರಿಗೂ ತೋರಿಸುವುದಿಲ್ಲ ಎಂದು ನಂಬಿ ಬರೆದಿದ್ದೇನೆ. ಮುಖ್ಯವಾಗಿ ಅವ್ವನಿಗೆ. ಅವಳ ಪಾಲಿಗೆ ಉಳಿದಿರುವ ಮಗ ನಾನೊಬ್ಬನೇ. ಇದು ತಿಳಿದರೆ ಆ ಜೀವ ಒಂದು ದಿನ ಉಳಿಯುವುದಿಲ್ಲ. ಓದಿ ಸುಟ್ಟುಬಿಡಿ ಅತ್ತಿಗೆ. ಕಾಲಿಗೆ ಬೀಳುತ್ತೇನೆ.

ವಿರೂಪಾಕ್ಷ

ಹೊಸ ಅಗ್ರಹಾರ
8-1-2025

ವಿರೂಪಾಕ್ಷನಿಗೆ,

ಬಂತು. ಓದಿದೆ.

ನಾಳೆ ಬೆಳಗ್ಗೆ ಎಂಟರ ಬಸ್ಸಿಗೆ ಐದು ಥರ್ಮಾಕೋಲ್ ಪೆಟ್ಟಿಗೆ ಹಾಕಿಸುತ್ತೇನೆ. ಹೀಗೆ ನೆಡು.

ಹಿಂಬದಿಗೆ ಟೇಪಿನಂತೆ ಉದ್ದ ಎಲೆಯ ವ್ಯಾಲಿಸ್ನೇರಿಯ. ಬೇರು ಮಾತ್ರ ಮರಳೊಳಗಿರಲಿ, ಬುಡದ ಬಿಳಿ ಭಾಗ ಮೇಲೆ ಕಾಣಬೇಕು. ನಡುವಿನ ಮರದ ಬೇರುಗಳಿಗೆ ಜಾವಾ ಫರ್ನ್ ಕಟ್ಟಿಯೇ ಕಳಿಸಿದ್ದೇನೆ, ದಾರ ಬಿಚ್ಚಬೇಡ. ಕಲ್ಲಿನ ಮೇಲೆ ಜಾವಾ ಪಾಚಿ. ಮುಂದೆ ಎಡಕ್ಕೆ ನೀರುಬ್ರಾಹ್ಮಿ. ಇದು ಅಂಗಡಿಯದಲ್ಲ, ನಮ್ಮ ಕಾಲುವೆ ಏರಿಯಿಂದ ಕಿತ್ತು ತಂದು ಹದ ಮಾಡಿದ್ದು. ಬೇರೆಲ್ಲಕ್ಕಿಂತ ಇದೇ ಉಪ್ಪು ತಡೆಯುತ್ತದೆ. ಕರಾವಳಿಯ ಹಿನ್ನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಮರದ ಸಸಿ ನಾಲ್ಕಿವೆ. ಅವುಗಳ ಬೇರು ನೀರಿನಲ್ಲಿರಲಿ, ಎಲೆ ಪೂರ್ತಿ ಗಾಳಿಯಲ್ಲಿರಲಿ. ಎಲೆಗೆ ದಿನಾ ಸಿಹಿನೀರು ಚಿಮುಕಿಸು. ಆರ್ಚರ್ ಮೀನು ಹುಳ ಹುಡುಕುವುದು ಆ ಎಲೆಗಳ ಮೇಲೆಯೇ. ತೊಟ್ಟಿ ಅರ್ಧ ಮಾತ್ರ ತುಂಬು.

ಎರಡು ವಾರ ಮೀನು ಬಿಡಬೇಡ. ಎಲ್ಲ ಉಪಕರಣವೂ ಟ್ರಿಪ್ಪರಿನ ಮೂಲಕವೇ ಇರಲಿ.

ನೀಲಾಂಬಿಕೆ

ಹುಣಸೂರು
27-1-2025

ಪೂಜ್ಯ ಅತ್ತಿಗೆಯವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಿನ್ನೆ ಓಪನಿಂಗ್ ಆಯಿತು. ನೀವು ಹೇಳಿದ್ದರಲ್ಲಿ ಈ ಸಲ ಒಂದನ್ನೂ ಮೀರಲಿಲ್ಲ. ಒಂದೇ ಒಂದು ಎಲೆ ಕರಗಿಲ್ಲ! ಕಾಂಡ್ಲಾ ಎಲೆಯ ಮೇಲೆ ಜೀರುಂಡೆ ಬಿಟ್ಟೆವು. ಅಣ್ಣನ ಮೀನು ಮೂರಡಿ ದೂರದಿಂದ ಹೊಡೆದು ಬೀಳಿಸಿತು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಸೌಂದರ್ಯ ಮೇಡಂ ಇನ್ನೂ ಎರಡು ತೊಟ್ಟಿ ಹೇಳಿದ್ದಾರೆ. ಗಿಡ ಬೆಳೆದವರು ಯಾರು ಎಂದು ಕೇಳಿದರು. ನಮ್ಮ ಮನೆಯವರೇ ಎಂದೆ.

ನಡುಮನೆಯ ಮೀನುಗಳನ್ನು ರೆಸಾರ್ಟಿಗೆ ಎತ್ತಿಕೊಂಡು ಹೋದದ್ದಕ್ಕೆ ಅವ್ವ ಎರಡು ದಿನ ಮಾತು ಬಿಟ್ಟಿದ್ದಳು. ಸರಿಹೋಗುತ್ತಾಳೆ. ನಾನು ಈ ವಾರಪೂರ್ತಿ ರೆಸಾರ್ಟಿನಲ್ಲೇ ಇರುತ್ತೇನೆ. ಬಂದ ಮೇಲೆ ನಾನೂ ವಾಣಿಶ್ರೀಯೂ ಬಂದು ನಿಮ್ಮನ್ನು ಕರೆದುಕೊಂಡು ಬರುತ್ತೇವೆ. ಅಂಗಡಿಯನ್ನು ಇಬ್ಬರೂ ಸೇರಿ ನಡೆಸೋಣ. ಆ ಕಾಗದ ಸುಟ್ಟಿರುತ್ತೀರಿ. ನಿಮ್ಮ ದೊಡ್ಡ ಮನಸ್ಸು ನನಗೆ ಗೊತ್ತು.

ವಿರೂಪಾಕ್ಷ

ಹೊಸ ಅಗ್ರಹಾರ
5-2-2025

ವಿರೂಪಾಕ್ಷನಿಗೆ,

ಸುಟ್ಟಿಲ್ಲ. ಸುಡುತ್ತೇನೆ ಎಂದು ನಾನು ಎಲ್ಲೂ ಬರೆದಿರಲಿಲ್ಲ, ತೆಗೆದು ನೋಡು.

ಭಾನುವಾರ ಮಧ್ಯಾಹ್ನ ಹುಣಸೂರಿಗೆ ಹೋಗಿದ್ದೆ. ನೀನು ಇರುವುದಿಲ್ಲ ಎಂದು ನೀನೇ ತಿಳಿಸಿದ್ದೆ. ವಾಣಿಶ್ರೀ ಪಿರಿಯಾಪಟ್ಟಣಕ್ಕೆ ಮದುವೆಗೆ ಹೋಗಿದ್ದಳು. ಬಾಗಿಲು ತೆಗೆದದ್ದು ನಿನ್ನ ಮಗಳು. "ದೊಡ್ಡವ್ವಾ!" ಎಂದು ಬಂದು ತಬ್ಬಿಕೊಂಡಳು. ಪುಟ್ಟಿ ನನ್ನ ಭುಜದ ತನಕ ಬೆಳೆದಿದ್ದಾಳೆ.

ನಾನು ಏನು ಯೋಚನೆ ಮಾಡಿಕೊಂಡು ಹೋಗಿದ್ದೆ ಎಂದು ಬಚ್ಚಿಡುವುದಿಲ್ಲ. ನಿಮ್ಮವ್ವನಿಗೆ ಓದಲು ಬರುವುದಿಲ್ಲ. ನಿನ್ನ ಕಾಗದವನ್ನು ನಿನ್ನ ಮಗಳ ಬಾಯಿಂದಲೇ ಓದಿಸಬೇಕು ಎಂದುಕೊಂಡಿದ್ದೆ. ಚಪ್ಪರದಲ್ಲಿ ನನಗೆ ಆದದ್ದಕ್ಕೆ ಅದು ಸಮ ಅನಿಸಿತ್ತು. ಕಾಗದ ಬಿಡಿಸಿ ಪುಟ್ಟಿಯ ಕೈಗೆ ಕೊಟ್ಟೆ. ಅವಳು ಅಕ್ಷರ ನೋಡಿ, "ಅಪ್ಪಂದು!" ಎಂದು ನಕ್ಕಳು. ನನ್ನ ಕೈ ತಾನಾಗಿ ಮುಂದೆ ಹೋಗಿ ಅದನ್ನು ಕಿತ್ತುಕೊಂಡಿತು. ಅವಳನ್ನು ಕಾಫಿಪುಡಿಗೆ ಅಂಗಡಿಗೆ ಕಳಿಸಿ ನಾನೇ ಓದಿದೆ. ನಿನಗೆ ಬಿಟ್ಟುಕೊಟ್ಟದ್ದು ಅದೊಂದೇ, ಅದೂ ಪುಟ್ಟಿಯ ಮುಖ ನೋಡಿ.

ಅತ್ತೆ ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಮೂರು ವರ್ಷ ಆ ಗಳಿಗೆಯನ್ನೇ ನೆನೆದುಕೊಂಡು ಗಿಡಕ್ಕೆ ನೀರು ಹಾಕಿದ್ದೇನೆ. ಅವಳು ಅಳಲಿಲ್ಲ. ನಾನು ಮಡಚಿದ ಮೇಲೆ, "ಎಲ್ಲಾನೂ ಬರ್ದವ್ನಾ? ಸ್ಟೂಲ್ ಅತ್ತಿದ್ದೂ?" ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ.

"ಅಡುಗೆಮನೆಯಿಂದ ಅಂಗ್ಡಿ ಕಡೆ ಕಿಟಕೀಲಿ ಕಂಡೆ ಕಣವ್ವ. ದೊಡ್ಡೋನು ಬಿದ್ದವ್ನೆ, ಇವ್ನು ಸ್ಟೂಲ್ ಅತ್ತಿ ವೈರ್ ಕೀಳ್ತಾವ್ನೆ. ಅಲ್ಲೇ ಗೊತ್ತಾಯ್ತು. ಒಬ್ಬ ಓದ. ಇನ್ನೊಬ್ಬನ್ನ ಪೊಲೀಸ್ನೋರ್ ಕೈಗೆ ಕೊಡಾಕಾಯ್ತದಾ? ಸ್ವಿಚ್ ಆಕಿದ್ದು ಯಾರ್ಲಾ ಅಂತ ಕೇಳ್ದೆ. ನಿನ್ನೆಸ್ರು ಯೋಳ್ದ. ನಂಗೂ ಅದೇ ಬೇಕಾಗಿತ್ತು."

"ದಿನಾ ಬೆಳಗ್ಗೆ ಹೀಟರ್ ಹಾಕ್ತಿದ್ದೋಳು ನಾನೇ ಅತ್ತೆ" ಎಂದೆ. "ಅವತ್ತೂ ಹಾಕಿದ್ನೋ ಏನೋ ಅಂತ ನನಗೇ ಗೊತ್ತಿರ್ಲಿಲ್ಲ. ನೀವು ನನ್ನ ಕೈ ಹಿಡಿದು ತೋರಿಸಿದ ಮೇಲೆ ನಾನೇ ಕೊಂದೆ ಅಂತ್ಲೇ ನಂಬಿಬಿಟ್ಟಿದ್ದೆ. ಟ್ರಿಪ್ಪರ್ ಒಂದು ನೆನಪಿಗೆ ಬರದೇ ಇದ್ದಿದ್ರೆ ಕಾಲುವೆಗೆ ಹಾರಿರ್ತಿದ್ದೆ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದಳು.

ವಿರೂಪಾಕ್ಷ, ನಿನ್ನ ಮೇಲಿನ ನನ್ನ ಸಿಟ್ಟು ಸಣ್ಣದು ಎಂದು ಮೊದಲ ಸಲ ಅನಿಸಿದ್ದು ಆಗ. ನೀನು ಹೆದರಿ ಸುಳ್ಳು ಹೇಳಿದೆ. ಅವಳು ಕೂತು ಯೋಚಿಸಿ, ಇಬ್ಬರಲ್ಲಿ ಯಾರನ್ನು ಬಲಿ ಕೊಡಬಹುದು ಎಂದು ಆರಿಸಿದಳು.

ಅವಳು ಕಾಗದವನ್ನು ನನ್ನ ಕೈಯಿಂದ ಎಳೆದುಕೊಂಡು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಇದನ್ನ ನಂಗೆ ಬುಟ್ಬುಡವ್ವ, ನಾನಿರಾಗಂಟ" ಎಂದಳು. ಒಂದೊಂದೇ ಬೆರಳು ಬಿಡಿಸಿ ತೆಗೆದುಕೊಂಡೆ. ಎಪ್ಪತ್ತು ದಾಟಿದವಳ ಬೆರಳು ಎಂದು ನೋಡಲಿಲ್ಲ. ಸೋಮವಾರ ಬೆಳಗ್ಗೆ ವಕೀಲರ ಜೊತೆ ಹೋಗಿ, ಅದನ್ನು ಠಾಣೆಯಲ್ಲಿ ಕೊಟ್ಟು ಸ್ವೀಕೃತಿ ಬರೆಸಿಕೊಂಡಿದ್ದೇನೆ. ನಿನಗೆ ಕರೆ ಬರುತ್ತದೆ. ರೆಸಾರ್ಟಿನವರಿಗೆ ಮುಂದಿನ ಗಿಡಗಳನ್ನು ನಾನೇ ನೇರ ಕೊಡುವುದಾಗಿ ಸೌಂದರ್ಯ ಅವರಿಗೆ ಬರೆದಿದ್ದೇನೆ.

ಇನ್ನೊಂದು ಮಾತಿದೆ. ನಾನು ಹೊರಟಾಗ ನಿಮ್ಮವ್ವ ಬಾಗಿಲ ತನಕ ಗೋಡೆ ಹಿಡಿದುಕೊಂಡು ಬಂದಳು. "ಠಾಣೆಗೆ ಕೊಡು, ಕೋರ್ಟಿಗೆ ಕೊಡು, ನಿನ್ನಿಷ್ಟ. ನಂಗೆ ಗೊತ್ತಿತ್ತು ಅಂತ ಅವ್ನಿಗೊಂದು ಯೋಳ್ಬ್ಯಾಡ ಕಣವ್ವ. ಮೂರೊರ್ಸದಿಂದ ನನ್ ಕೈಯ್ಯಾರೆ ಉಂಡವ್ನೆ. ಗೊತ್ತಾದ್ರೆ ಇನ್ನು ನನ್ ಮುಂದೆ ಕೂತು ಅನ್ನ ಉಣ್ಣಕಿಲ್ಲ" ಎಂದಳು.

ನಾನು ಹ್ಞೂಂ ಅನ್ನಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಬಂದುಬಿಟ್ಟೆ. ಎರಡು ದಿನ ಯೋಚಿಸಿ ಈ ಕಾಗದ ಬರೆದಿದ್ದೇನೆ.

ನೀಲಾಂಬಿಕೆ